ಒಪ್ಪಿಗೆ ಪತ್ರ

17 ಅಕ್ಟೋಬರ್ 2025, ಶುಕ್ರವಾರ
ಸಾಗರ

ದೀಪಾವಳಿಯ ಹಪ್ಪಳ, ಉಪ್ಪಿನಕಾಯಿ ಪಾರ್ಸೆಲ್‌ಗಳೆಲ್ಲ ನಿನ್ನೆಯೇ ಹೊರಟವು. ಇವತ್ತಾದರೂ ಜಿಎಸ್‌ಟಿ ನೋಂದಣಿಯ ಅರ್ಜಿಯನ್ನು ಮುಗಿಸೋಣವೆಂದು ಸಂಜೆ ಲ್ಯಾಪ್‌ಟಾಪನ್ನು ಅಡುಗೆಮನೆಯ ಕಟ್ಟೆಯ ಮೇಲೆಯೇ ಇಟ್ಟುಕೊಂಡು ಕುಳಿತೆ.

ವರ್ಷಕ್ಕೆ ಏಳು ಲಕ್ಷವನ್ನೂ ಮುಟ್ಟದ ವ್ಯಾಪಾರಕ್ಕೆ ನೋಂದಣಿ ಯಾಕೆ, ಸರಕು ಮಾರುವವರಿಗೆ ಮಿತಿ 40 ಲಕ್ಷವಲ್ಲವೇ ಎಂದು ನಾನೂ ಮೂರು ವರ್ಷ ನೆಮ್ಮದಿಯಾಗಿದ್ದವಳೇ. ಆ ಮಿತಿ ರಾಜ್ಯದೊಳಗೆ ಮಾರುವವರಿಗೆ ಮಾತ್ರ, ತೆರಿಗೆ ಬೀಳುವ ಸರಕಿನ ಒಂದೇ ಒಂದು ಡಬ್ಬಿ ಗಡಿ ದಾಟಿದರೂ ನೋಂದಣಿ ಕಡ್ಡಾಯ ಎಂದು ಆಡಿಟರು ಹೇಳಿದಾಗ, ಪುಣೆಗೆ ತಿಂಗಳು ತಿಂಗಳೂ ಕಳಿಸಿದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿಗಳೆಲ್ಲ ಕಣ್ಣ ಮುಂದೆ ಸಾಲುಗಟ್ಟಿ ನಿಂತವು. ಹಿಂದಿನದರ ಗತಿಯೇನೆಂದು ಕೇಳಿದ್ದಕ್ಕೆ ಅವರು, ಮೊದಲು ನೋಂದಣಿಯಾಗಲಿ ಎಂದಷ್ಟೇ ಹೇಳಿ ಫೋನಿಟ್ಟರು. ಹಪ್ಪಳಕ್ಕೆ ತೆರಿಗೆಯೇ ಇಲ್ಲ. ಬರೀ ಹಪ್ಪಳ ಮಾರಿಕೊಂಡಿದ್ದರೆ ಈ ಗೋಜೇ ಇರುತ್ತಿರಲಿಲ್ಲ. ಉಪ್ಪಿನಕಾಯಿಗೆ ಶೇ 12 ಇದ್ದದ್ದು ಕಳೆದ ಸೆಪ್ಟೆಂಬರ್ 22ರಿಂದ ಶೇ 5 ಆಗಿದೆ.

"ಹಾಗಾದರೆ ಮಿಡಿ ಬಿಟ್ಟುಬಿಡೋಣ" ಎಂದರು ಮಾವ. ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಹೋಗಿ, ಬೆಂಗಳೂರಿನ ಅಂಗಡಿಗಳಲ್ಲಿ 'ನಗದು ಮಾತ್ರ' ಎಂಬ ಚೀಟಿಗಳು ಕಾಣಿಸಿಕೊಂಡಂದಿನಿಂದ, ನನ್ನ ಫೋನಿಗೆ ಹಣ ಬಂದ ಸದ್ದು ಕೇಳಿದರೂ ಅವರು ತಲೆಯೆತ್ತಿ ನೋಡುತ್ತಾರೆ. ಅತ್ತೆ ಏನೂ ಹೇಳಲಿಲ್ಲ; ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಮತ್ತಷ್ಟು ಬಿಗಿಯಾಗಿ ಕಟ್ಟಿದರು.

ಮಾಲೀಕರು ಯಾರೆಂಬ ಅಂಕಣ ಬಂದಾಗ ನಾನು ಕೇಳದೆಯೇ ಅತ್ತೆಯ ಪ್ಯಾನ್ ಸಂಖ್ಯೆಯನ್ನು ತುಂಬಿದೆ. ಇಷ್ಟು ದಿನ ಹಣ ಬೀಳುತ್ತಿದ್ದದ್ದು ನನ್ನ ಖಾತೆಗೆ, ಹಾಗಾಗಿ ಆದಾಯ ತೆರಿಗೆಯವರ ಲೆಕ್ಕದಲ್ಲಿ ವ್ಯಾಪಾರ ನನ್ನದು. ಮಿಡಿಯ ಹದವಾಗಲಿ ಉಪ್ಪಿನ ಅಳತೆಯಾಗಲಿ ಇವತ್ತಿಗೂ ನನಗೆ ಬರುವುದಿಲ್ಲ ಎಂಬುದು ಆ ಲೆಕ್ಕದಲ್ಲಿ ಎಲ್ಲಿಯೂ ಇಲ್ಲ.

ಮುಂದಿನದು ವ್ಯಾಪಾರದ ಸ್ಥಳ. ಮನೆಯೂ ಮೆಸ್ಕಾಂ ಕರೆಂಟು ಬಿಲ್ಲೂ ಮಾವನ ಹೆಸರಿನಲ್ಲಿರುವುದರಿಂದ ಅವರದೊಂದು ಒಪ್ಪಿಗೆ ಪತ್ರ ಬೇಕು. ಬರೆದು ಗಟ್ಟಿಯಾಗಿ ಓದಿದೆ: "ಸದರಿ ಮನೆಯ ಅಡುಗೆಕೋಣೆಯನ್ನು ನನ್ನ ಪತ್ನಿಯು ತಮ್ಮ ವ್ಯಾಪಾರಕ್ಕಾಗಿ ಬಾಡಿಗೆಯಿಲ್ಲದೆ ಬಳಸಿಕೊಳ್ಳಲು ನನ್ನ ಸಂಪೂರ್ಣ ಒಪ್ಪಿಗೆ ಇರುತ್ತದೆ."

ಅತ್ತೆಯ ಕೈ ನಿಂತಿತು. "ಬಾಡಿಗೆಯಿಲ್ಲದೆಯೋ? ನಲವತ್ತೊಂದು ವರ್ಷ ಈ ಒಲೆಯ ಮುಂದೆ ನಿಂತದ್ದಕ್ಕೆ ನಾನು ಕೂಲಿ ಕೇಳಿಲ್ಲ ಅಂತಲೂ ಅದರಲ್ಲೇ ಬರಿ."

ಮಾವ ನಕ್ಕರು. ಅತ್ತೆ ನಗಲಿಲ್ಲವಾದ್ದರಿಂದ ನಾನು ಅರ್ಧ ನಕ್ಕು ನಿಲ್ಲಿಸಿದೆ. ಆಮೇಲೆ ಮಾವ ಕನ್ನಡಕ ಹಾಕಿಕೊಂಡು ಪತ್ರವನ್ನು ಎರಡು ಸಲ ಓದಿ, ಇದಕ್ಕೆ ಸಹಿ ಹಾಕಿದರೆ ಕರೆಂಟಿನ ದರ ಅಂಗಡಿಯ ದರವಾಗುತ್ತದೆಯೇ, ಮನೆ ಕಂದಾಯ ಏರುತ್ತದೆಯೇ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಕೇಳಿದ ಹೊತ್ತು ಸರಿಯಿರಲಿಲ್ಲ. ಅತ್ತೆ ದೀಪವಾರಿಸಿ ಹೊರಗೆ ಹೋದರು, ನಾವಿಬ್ಬರೂ ಒಳಗಿರುವಾಗಲೇ.

ನಿಜ ಹೇಳಬೇಕೆಂದರೆ ತೆರಿಗೆಯ ಮೊತ್ತ ನನ್ನನ್ನು ಹೆದರಿಸಿಲ್ಲ. ಹಣವೆಲ್ಲ ಬ್ಯಾಂಕಿನ ಮೂಲಕವೇ ಬರುವುದರಿಂದ ವಹಿವಾಟಿನ ಶೇ 6ನ್ನು ಲಾಭವೆಂದು ತೋರಿಸಬಹುದು, 6.8 ಲಕ್ಷಕ್ಕೆ ಅದು 40,800 ರೂಪಾಯಿ, ಅಷ್ಟಕ್ಕೆ ಆದಾಯ ತೆರಿಗೆ ಬೀಳುವುದಿಲ್ಲ. ನನ್ನನ್ನು ಕಾಡುವುದು ತಾರೀಖುಗಳು. ಏನೂ ಮಾರದಿದ್ದರೂ ಜಿಎಸ್‌ಟಿ ರಿಟರ್ನ್ ಸಲ್ಲಿಸಬೇಕು, ತಪ್ಪಿದರೆ ದಿನಕ್ಕೆ 20 ರೂಪಾಯಿ. ಹಲಸಿನ ಕಾಲದಲ್ಲಿ ಈ ಮನೆಯಲ್ಲಿ ತಾರೀಖು ನೋಡುವವರು ಯಾರು?

ಅರ್ಜಿ ಅರ್ಧಕ್ಕೆ ನಿಂತಿದೆ, ಅದಕ್ಕೆ ಸಿಕ್ಕ ತಾತ್ಕಾಲಿಕ ಸಂಖ್ಯೆಗೆ 15 ದಿನ ಆಯುಸ್ಸು. ಪತ್ರ ಮಾವನ ಕನ್ನಡಕದ ಡಬ್ಬಿಯ ಕೆಳಗಿದೆ, ಸಹಿಯಿಲ್ಲದೆ. ಊಟಕ್ಕೆ ಬಡಿಸುವಾಗ, ನೋಂದಣಿಯಾದ ಮೇಲೆ ಬಾಗಿಲಲ್ಲಿ ಸಂಖ್ಯೆ ಬರೆದ ಬೋರ್ಡು ಹಾಕಬೇಕಂತೆ ಎಂದು ಸುಮ್ಮನೆ ಹೇಳಿದೆ. ಮಾವ ಮುಖ ಸಿಂಡರಿಸಿದರು. ಅತ್ತೆ ಸಾರಿನ ಸೌಟನ್ನು ಹಿಡಿದುಕೊಂಡೇ, "ಅದರಲ್ಲಿ ಹೆಸರು ಯಾರದ್ದು ಬರುತ್ತದೆ?" ಎಂದು ಕೇಳಿದರು. ವ್ಯಾಪಾರದ ಹೆಸರಿನ ಅಂಕಣವನ್ನು ನಾನಿನ್ನೂ ತುಂಬಿಲ್ಲ. ವಾಟ್ಸಾಪಿನಲ್ಲಿ ಇಷ್ಟು ದಿನ ನಡೆದದ್ದು ನನ್ನ ಮಗಳ ಹೆಸರಿನಲ್ಲಿ, ಅದನ್ನಿಟ್ಟದ್ದೂ ನಾನೇ, ಅತ್ತೆಯನ್ನು ಕೇಳಿದ ನೆನಪಿಲ್ಲ.