"ಯಾಕೆ ಬರೀ ದಪ್ಪ ಗಂಡಸರನ್ನೇ ಬರೀತೀಯ?"

ನಾನು ಕಾರ್ಟೂನ್ ಬರೆಯುವವನು ಅಂತ ಗೊತ್ತಾದ ಕೂಡಲೇ ಜನ "ತೋರಿಸಿ, ತೋರಿಸಿ" ಅಂತಾರೆ. ಮೊಬೈಲ್ ಕೈಗೆ ಕೊಡುತ್ತೇನೆ. ಒಂದು ಚಿತ್ರ ಸರಿಸುತ್ತಾರೆ, ಎರಡು, ಮೂರು. ಹೊಟ್ಟೆ, ಗಡ್ಡ, ಎದೆ ತುಂಬ ಕೂದಲು. ಐದನೆಯದರಲ್ಲೂ ಅದೇ. ಆಮೇಲೆ ಆ ಪ್ರಶ್ನೆ: "ಯಾಕೆ ಬರೀ ದಪ್ಪ ಗಂಡಸರನ್ನೇ ಬರೀತೀಯ?" ಕೆಲವರು ಕುತೂಹಲಕ್ಕೆ ಕೇಳುತ್ತಾರೆ, ಕೆಲವರು ಮುಖ ಕಿವಿಚಿಕೊಂಡು ಕೇಳುತ್ತಾರೆ. ಅಪರೂಪಕ್ಕೆ ಒಬ್ಬರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳುತ್ತಾರೆ. ಇಷ್ಟು ವರ್ಷ ನಿಂತ ನಿಲುವಿನಲ್ಲೇ ಏನೋ ಒಂದು ಹೇಳಿ ಮುಗಿಸುತ್ತಿದ್ದೆ. ಈ ಸಲ ಕೂತು ಬರೆಯುತ್ತಿದ್ದೇನೆ, ಮುಖ್ಯವಾಗಿ ಆ ದನಿ ತಗ್ಗಿಸಿ ಕೇಳಿದವರಿಗಾಗಿ.

ಗೊತ್ತಿಲ್ಲದವರಿಗೆ ಮೊದಲು ಒಂದೆರಡು ಮಾತು. ಗೇ ಗಂಡಸರಲ್ಲಿ ಮೈಕೈ ತುಂಬಿಕೊಂಡವರು, ಗಡ್ಡ ಬಿಟ್ಟವರು, ಮೈಮೇಲೆ ಕೂದಲಿರುವವರು ತಮ್ಮನ್ನು 'ಬೇರ್' ಅಂತ ಕರೆದುಕೊಳ್ಳುತ್ತಾರೆ. ಅಂದರೆ ಕರಡಿ. ವಯಸ್ಸಿನಲ್ಲಿ ಚಿಕ್ಕವನಾದರೆ 'ಕಬ್', ಕೂದಲಿದ್ದೂ ಮೈ ಸಣ್ಣಗಿದ್ದರೆ 'ಆಟರ್', ಗಡ್ಡ ಬೆಳ್ಳಗಾಗಿದ್ದರೆ 'ಪೋಲಾರ್ ಬೇರ್'. ಗೇ ಗಂಡಸರನ್ನು ಪ್ರಾಣಿಗಳಿಗೆ ಹೋಲಿಸುವ ಒಂದು ಲಘು ಬರಹ ಅಮೆರಿಕದ 'ದಿ ಅಡ್ವೊಕೇಟ್' ಪತ್ರಿಕೆಯಲ್ಲಿ 1979ರಲ್ಲೇ ಬಂದಿತ್ತು, ಕರಡಿಯೂ ಅದರಲ್ಲಿತ್ತು. ಆದರೆ ಆ ಹೆಸರಿನ ಕೆಳಗೆ ಜನ ಒಟ್ಟು ಸೇರಿದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, 1980ರ ದಶಕದಲ್ಲಿ. ಏಡ್ಸ್ ಅಲ್ಲಿನ ಸಲಿಂಗಪ್ರೇಮಿ ಗಂಡಸರನ್ನು ಒಬ್ಬರ ಹಿಂದೊಬ್ಬರಂತೆ ಕೊಂಡೊಯ್ಯುತ್ತಿದ್ದ ಕಾಲ ಅದು. ಕಾಯಿಲೆ ಬಿದ್ದವರು ಕಣ್ಣೆದುರೇ ಸೊರಗಿ ಕಡ್ಡಿಯಾಗುತ್ತಿದ್ದರು. ಆ ದಿನಗಳಲ್ಲಿ ತುಂಬಿದ ಮೈಯ ಗಂಡಸೊಬ್ಬ ಎದುರಿಗೆ ಬಂದರೆ ನೋಡಿದವರಿಗೆ ಒಂದು ನೆಮ್ಮದಿಯಾಗುತ್ತಿತ್ತು ಅಂತ ಈ ಸಮುದಾಯದ ಚರಿತ್ರೆ ಬರೆದ ಹಲವರು ಹೇಳುತ್ತಾರೆ. 1987ರಲ್ಲಿ 'ಬೇರ್' ಅನ್ನುವ ಪತ್ರಿಕೆ ಶುರುವಾಯಿತು, ಮೊದಮೊದಲು ಜೆರಾಕ್ಸ್ ಮಾಡಿ ಹಂಚಿದ್ದು. 1989ರಲ್ಲಿ ಲೋನ್ ಸ್ಟಾರ್ ಸಲೂನ್ ಅನ್ನುವ ಬಾರ್ ತೆರೆಯಿತು. ಅದೇ ವರ್ಷ ಅಕ್ಟೋಬರ್ 17ರ ಭೂಕಂಪದಲ್ಲಿ ಆ ಜಾಗ ಹಾಳಾಯಿತು, ಬೇರೆ ಕಡೆ ಮತ್ತೆ ತೆರೆದರು.

ನಾನೂ ಅವರಲ್ಲೊಬ್ಬ. ಹಾಗಾಗಿ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು ಅಂತ ಕೆಲವರು ಸುಮ್ಮನಾಗುತ್ತಾರೆ. ಇಲ್ಲ, ಸಿಕ್ಕಿಲ್ಲ. ಯಾಕೆಂದರೆ ಬಹಳ ವರ್ಷ ನಾನು ನನ್ನನ್ನೇ ತೆಳ್ಳಗೆ ಬರೆದುಕೊಂಡಿದ್ದೆ.

ಕಾರ್ಟೂನು ಕಲಿಯುವವರಿಗೆಲ್ಲ ಆಗುವುದು ನನಗೂ ಆಯಿತು. ಪತ್ರಿಕೆಗಳಲ್ಲಿ ಬಂದದ್ದನ್ನು ನೋಡಿ ನೋಡಿ ಕೈ ಪಳಗಿಸಿಕೊಂಡೆ. ಅಲ್ಲಿ ಹೊಟ್ಟೆ ಇರುವವನು ಲಂಚ ತಿನ್ನುವವನು. ಹೊಟ್ಟೆ ಇರುವವನು ಸೋಫಾ ಬಿಟ್ಟೇಳದ ಗಂಡ. ಎದೆಗೂದಲು ಅಂಗಿಯಿಂದ ಹೊರಗೆ ಇಣುಕಿದರೆ ಅವನು ರೌಡಿ. ಪಾತ್ರ ಕಟ್ಟುವುದನ್ನು ಹೇಳಿಕೊಡುವವರೂ ಇದನ್ನೇ ಪಾಠ ಮಾಡಿಟ್ಟಿದ್ದಾರೆ: ದುಂಡಗಿದ್ದರೆ ಮುದ್ದು ಇಲ್ಲವೇ ತಮಾಷೆ, ಚೌಕವಾದರೆ ಗಟ್ಟಿಗ, ಚೂಪಾದರೆ ಕೇಡಿಗ. ದುಂಡಗಿರುವವನು ಯಾರನ್ನಾದರೂ ಪ್ರೀತಿಸುವ, ಯಾರಾದರೂ ಅವನನ್ನು ಹಂಬಲಿಸುವ ಚಿತ್ರ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಮಾತಿನಲ್ಲೂ ಹಾಗೇ ಅಲ್ಲವೇ? ಡುಮ್ಮ, ಧಡಿಯ, ಡೊಳ್ಳುಹೊಟ್ಟೆ. ಕರಡಿಯಂತೂ ನಮ್ಮ ಗಾದೆಯಲ್ಲೇ ಶಿವಪೂಜೆಗೆ ನುಗ್ಗಿದ ಪ್ರಾಣಿ, ಕರೆಯದೆ ಬಂದು ಎಲ್ಲ ಕೆಡಿಸುವಂಥದ್ದು. (ಆ ಗಾದೆಯ ಕರಡಿ ಪ್ರಾಣಿಯಲ್ಲ, ವಾದ್ಯ ಅನ್ನುವವರೂ ಇದ್ದಾರೆ. ಜನರ ಮನಸ್ಸಿನಲ್ಲಿ ಕೂತಿರುವುದಂತೂ ಪ್ರಾಣಿಯೇ.)

ನನ್ನ ಮೊದಲ ಸ್ಟ್ರಿಪ್ಪಿನಲ್ಲಿ ಕಥೆ ಹೇಳುವವನು ನಾನೇ. ಕನ್ನಡಕ ನನ್ನದು, ಚಪ್ಪಲಿ ನನ್ನದು, ಮೈ ಮಾತ್ರ ಇನ್ಯಾರದೋ. ಗೆಳೆಯನೊಬ್ಬ ಎಲ್ಲ ಓದಿ ಮುಗಿಸಿ ಕೇಳಿದ, "ಚೆನ್ನಾಗಿದೆ ಕಣೋ. ಆದ್ರೆ ಇವನ್ಯಾರು?" "ನಾನೇ" ಅಂದೆ. ಅವನು ಚಿತ್ರ ನೋಡಿದ, ನನ್ನ ನೋಡಿದ, ಏನೂ ಹೇಳಲಿಲ್ಲ. ಆ ರಾತ್ರಿ ಕನ್ನಡಿಯೆದುರು ಅಂಗಿ ತೆಗೆದು ಕೂತು ಬರೆದೆ. ನಾಲ್ಕು ಗಂಟೆ ಹಿಡಿಯಿತು. ಕಷ್ಟವಾಗಿದ್ದು ಕೈಗಲ್ಲ. ಹೊಟ್ಟೆಯ ಗೆರೆ ಎಳೆಯುವಾಗೆಲ್ಲ ಕೈ ತಾನಾಗಿಯೇ ತಮಾಷೆಯ ಕಡೆಗೆ ಜಾರುತ್ತಿತ್ತು, ಯಾಕೆಂದರೆ ಕಲಿತದ್ದೇ ಅದು.

ನನ್ನ ಉತ್ತರ ಶುರುವಾಗುವುದು ಆ ರಾತ್ರಿಯಿಂದ. ಕಾರ್ಟೂನಿಗೆ ಉಬ್ಬಿಸಿ ಬರೆಯುವ ಹಕ್ಕಿದೆ. ಅದಿಲ್ಲದಿದ್ದರೆ ಅದು ಕಾರ್ಟೂನೇ ಅಲ್ಲ. ಈ ಮೈಯನ್ನು ಇಲ್ಲಿಯವರೆಗೆ ಉಬ್ಬಿಸಿದ್ದೆಲ್ಲ ನಗೆಪಾಟಲಿಗೆ. ಅದೇ ಉಬ್ಬನ್ನು ಅಕ್ಕರೆಗೆ ಬಳಸಿದರೆ ಏನಾಗುತ್ತದೆ ಅಂತ ನೋಡಬೇಕಿತ್ತು. ಹದಿಮೂರು ವರ್ಷದಿಂದ ಅದನ್ನೇ ನೋಡುತ್ತಿದ್ದೇನೆ.

ಕೆಲಸದ ಮಾತು ಹೇಳಿದರೆ ಇದು ಇನ್ನೂ ಚೆನ್ನಾಗಿ ತಿಳಿಯುತ್ತದೆ. ಎದೆಗೂದಲನ್ನು ಗೀಚಿ ತುಂಬಿಸಿದರೆ ಅದು ಕೊಳೆಯ ಹಾಗೆ ಕಾಣುತ್ತದೆ. ಕೂದಲಿಗೆ ದಿಕ್ಕಿದೆ. ಎದೆಯ ಎರಡೂ ಬದಿಯಿಂದ ನಡುವಿಗೆ ಬಾಗುತ್ತದೆ, ಹೊಟ್ಟೆಯ ಮೇಲೆ ಹೊಕ್ಕುಳಿನ ಕಡೆಗೆ ಸಾಲಾಗಿ ಇಳಿಯುತ್ತದೆ, ಕೆಲವರಿಗೆ ಭುಜದ ಹಿಂದೆ ಒಂದು ಸುಳಿ ಇರುತ್ತದೆ. ಬ್ರಷ್ ಪೆನ್ನನ್ನು ಆ ದಿಕ್ಕಿನಲ್ಲೇ ಎಳೆದು, ತುದಿಯಲ್ಲಿ ಹಗುರಾಗಿ ಎತ್ತಿಬಿಡಬೇಕು. ಹತ್ತು ಗೆರೆ ಸಾಕು, ಉಳಿದದ್ದನ್ನು ನೋಡುವವರ ಕಣ್ಣೇ ತುಂಬಿಕೊಳ್ಳುತ್ತದೆ. ಹೊಟ್ಟೆಯೂ ಹಾಗೆಯೇ. ಚೆಂಡಿನಂತೆ ಬರೆದರೆ ಅದು ನಗೆಗೆ ಸಿದ್ಧ. ನಿಜವಾದ ಹೊಟ್ಟೆಗೆ ತೂಕವಿದೆ. ಕೂತಾಗ ತೊಡೆಯ ಮೇಲೆ ಬಂದು ಕೂರುತ್ತದೆ, ಮಗ್ಗುಲಾದಾಗ ಹಾಸಿಗೆಗೆ ಒರಗುತ್ತದೆ, ಅಂಗಿಯ ಗುಂಡಿಗಳ ಬಳಿ ಬಟ್ಟೆ ಅಡ್ಡಡ್ಡ ಎಳೆದು ನೆರಿಗೆಯಾಗುತ್ತದೆ. ಆ ನೆರಿಗೆ ನನಗೆ ಬಹಳ ಇಷ್ಟ. ಗುಂಡಿ ಕಿತ್ತು ಹಾರುವುದನ್ನು ಮಾತ್ರ ಒಮ್ಮೆಯೂ ಬರೆದಿಲ್ಲ, ಬರೆಯುವುದೂ ಇಲ್ಲ.

ನಮ್ಮ ಗುಂಪು ಸೇರಿದಾಗ ಒಂದು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಬಂದವರ ಚಿತ್ರ ಬರೆದು ಕೊಡುವುದು ನನ್ನ ಹಳೆಯ ರೂಢಿ. ಒಬ್ಬರಿಗೆ ಹತ್ತು ನಿಮಿಷ. ಒಮ್ಮೆ ಅರವತ್ತು ದಾಟಿದವರೊಬ್ಬರು ಬಂದು ಕೂತರು. "ಬರೀಪ್ಪಾ, ಆದ್ರೆ ಮುಖ ಬೇಡ" ಅಂದರು. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಸರಿ ಅಂಕಲ್, ಬೆನ್ನು ಬರೀತೀನಿ ಅಂದೆ. ಅವರು ಅಂಗಿ ತೆಗೆದು ತಿರುಗಿ ಕೂತರು. ಅಗಲವಾದ ಬೆನ್ನು, ಬಿಳಿ ಕೂದಲು, ಎಡ ಭುಜದ ಹತ್ತಿರ ಹಳೆಯ ಗಾಯದ ಗುರುತು, ಕತ್ತಿನ ಹಿಂದೆ ಎರಡು ಮಡಿಕೆ. ಕೊಟ್ಟಾಗ ಬಹಳ ಹೊತ್ತು ನೋಡುತ್ತ ನಿಂತರು. "ನನ್ನ ಬೆನ್ನನ್ನ ನಾನೇ ನೋಡಿರಲಿಲ್ಲ ನೋಡು" ಅಂದರು. ಮನೆಗೆ ಒಯ್ಯುವ ಹಾಗಿಲ್ಲ ಅಂತ ನನ್ನ ಹತ್ತಿರವೇ ಇಟ್ಟು ಹೋದರು. ಬಂದಾಗೆಲ್ಲ ಕೇಳಿ ತೆಗೆಸಿ ನೋಡುತ್ತಾರೆ.

ಫೋಟೊ ಯಾಕೆ ತೆಗೆಯಲ್ಲ, ಇಷ್ಟೆಲ್ಲ ಕಷ್ಟಪಟ್ಟು ಯಾಕೆ ಬರೀತೀಯ ಅನ್ನುವವರಿಗೂ ಇದೇ ಉತ್ತರ. ಫೋಟೊ ಮುಖವನ್ನು ಬಿಟ್ಟುಕೊಡುತ್ತದೆ. ಕೆಲಸ ಹೋಗಬಹುದು, ಮನೆ ಹೋಗಬಹುದು. ಕಾರ್ಟೂನಿನಲ್ಲಿ ಮೂಗು ಬದಲಿಸಬಹುದು, ಕನ್ನಡಕ ಹಾಕಬಹುದು, ಕಿವಿ ದೊಡ್ಡದು ಮಾಡಬಹುದು, ಅಷ್ಟಾದರೂ ಅವನು ನಿಲ್ಲುವ ರೀತಿ ಉಳಿದರೆ ಅವನಿಗೆ ಅದು ತಾನೇ ಅಂತ ಗೊತ್ತಾಗುತ್ತದೆ. ನಾವು ಮಾಡಿದ ಗೋಡೆ ಕ್ಯಾಲೆಂಡರಿನ ಹನ್ನೆರಡು ತಿಂಗಳಿಗೆ ಹನ್ನೆರಡು ಜನ ಹೀಗೇ ಕೂತರು. ಅದರಲ್ಲಿ ನಾನೊಂದು ತಪ್ಪು ಮಾಡಿದೆ. ಒಬ್ಬನ ಮುಖವನ್ನು ಪೂರ್ತಿ ಬದಲಿಸಿದ್ದೆ, ಆದರೆ ಅವನು ಸೊಂಟದ ಮೇಲೆ ಮಣಿಕಟ್ಟು ಮಡಿಸಿ ನಿಲ್ಲುವ ಭಂಗಿಯನ್ನು ಹಾಗೇ ಬಿಟ್ಟಿದ್ದೆ. ಅಚ್ಚಿಗೆ ಹೋಗುವ ಮುಂಚೆ ಕರಡು ನೋಡಿದ ಇನ್ನೊಬ್ಬ ಗೆಳೆಯ ತಕ್ಷಣ ಹೆಸರು ಹೇಳಿಬಿಟ್ಟ. ಎದೆ ಝಲ್ಲೆಂದಿತು. ಪುಟವನ್ನೇ ತೆಗೆದು ಹೊಸದಾಗಿ ಬರೆದೆ. ಅವತ್ತಿನಿಂದ ಶಾಯಿ ಹಾಕುವ ಮೊದಲು ಪೆನ್ಸಿಲ್ ಚಿತ್ರವನ್ನು ಅವರಿಗೊಮ್ಮೆ, ಅವರನ್ನು ಬಲ್ಲ ಇನ್ನೊಬ್ಬರಿಗೊಮ್ಮೆ ತೋರಿಸದೆ ಮುಂದೆ ಹೋಗುವುದಿಲ್ಲ.

ಅಚ್ಚಿನ ಕಥೆ ಬೇರೆಯೇ. ಈ ಸಮುದಾಯಕ್ಕೊಂದು ಬಾವುಟ ಇದೆ, 1995ರಲ್ಲಿ ಕ್ರೇಗ್ ಬರ್ನ್ಸ್ ಎಂಬವರು ರೂಪಿಸಿದ್ದು. ಗಾಢ ಕಂದು, ಕಿತ್ತಳೆ, ಹಳದಿ, ಮಾಸಲು ಕಂದು, ಬಿಳಿ, ಬೂದು, ಕಪ್ಪು ಅಂತ ಏಳು ಪಟ್ಟಿ, ಎಡಗಡೆ ಮೇಲ್ಮೂಲೆಯಲ್ಲಿ ಕರಡಿಯ ಹೆಜ್ಜೆ. ಲೋಕದ ಕರಡಿಗಳ ತುಪ್ಪಳದ ಬಣ್ಣಗಳು ಅವು. ಅದನ್ನಿಟ್ಟು ಸ್ಟಿಕರ್ ಮಾಡಲು ಹೊರಟರೆ ಅಗ್ಗದ ಪ್ರಿಂಟಿನಲ್ಲಿ ಹಳದಿಯೂ ಮಾಸಲು ಕಂದೂ ಒಂದೇ ಆಗಿಬಿಡುತ್ತವೆ, ಏಳು ಪಟ್ಟಿ ಆರಾಗುತ್ತವೆ. ಎರಡರ ನಡುವೆ ಕೂದಲೆಳೆಯಷ್ಟು ಗಾಢ ಗೆರೆ ಎಳೆದ ಮೇಲೆ ಸರಿಹೋಯಿತು. ಅದು ಬಗೆಹರಿಯುವ ತೊಂದರೆ. ಒಂದು ಪ್ರೆಸ್ಸಿನವರು ಇಡೀ ಕ್ಯಾಲೆಂಡರನ್ನೇ ವಾಪಸ್ ಕೊಟ್ಟು "ನಮ್ಮಲ್ಲಿ ಇಂಥದ್ದು ಮಾಡಲ್ಲ" ಅಂದರು. ಅವರು ಬೆರಳಿಟ್ಟು ತೋರಿಸಿದ ಪುಟದಲ್ಲಿ ಇಬ್ಬರು ಗಂಡಸರು ಮೈತುಂಬ ಬಟ್ಟೆ ಹಾಕಿಕೊಂಡು ಸೋಫಾದ ಮೇಲೆ ನಿದ್ದೆ ಹೋಗಿದ್ದರು. ಒಬ್ಬನ ತಲೆ ಇನ್ನೊಬ್ಬನ ಹೆಗಲ ಮೇಲಿತ್ತು, ಅಷ್ಟೇ. ಅವತ್ತು ತುಂಬ ನೊಂದುಕೊಂಡೆ.

ಕ್ಯಾಲೆಂಡರ್ ಆಮೇಲೆ ಬೇರೆಲ್ಲೋ ಆಯಿತು. ಆದರೆ ಯಾರ ಅಪ್ಪಣೆಯೂ ಬೇಡದ ಕೆಲಸವೊಂದು ಬೇಕು ಅನ್ನಿಸಿ ಜೀನ್ ಶುರುಮಾಡಿದೆ. ಜೀನ್ ಅಂದರೆ ನಾವೇ ಬರೆದು, ನಾವೇ ಮಡಿಚಿ ಹಂಚುವ ಪುಟ್ಟ ಪುಸ್ತಿಕೆ. ಒಂದು ಎ4 ಹಾಳೆಯನ್ನು ಮೂರು ಸಲ ಮಡಿಚಿ ಬಿಡಿಸಿದರೆ ಎಂಟು ಮನೆ ಮೂಡುತ್ತವೆ. ನಡುವಿನ ಮಡಿಕೆಯನ್ನು ಅರ್ಧದಷ್ಟು ಮಾತ್ರ ಕತ್ತರಿಸಿ ಮತ್ತೆ ಮಡಿಚಿದರೆ ಪಿನ್ನೂ ಬೇಡ ಗೋಂದೂ ಬೇಡ, ಎಂಟು ಪುಟದ ಪುಸ್ತಕ. ಮನೆಯ ಪ್ರಿಂಟರ್ ಸಾಕು. ನಮ್ಮಲ್ಲಿ ಚಿತ್ರ ಬರೆಯಲು ಬರುವುದೇ ಇಲ್ಲ ಅನ್ನುವವರಿಗೂ ಒಂದೊಂದು ಪುಟ ಕೊಡುತ್ತೇನೆ. ಲೆಕ್ಕಪತ್ರ ನೋಡಿಕೊಳ್ಳುವ ಕೆಲಸದವನೊಬ್ಬ ತಾನು ಮೊದಲ ಸಲ ಈಜುಕೊಳಕ್ಕೆ ಬನಿಯನ್ ಇಲ್ಲದೆ ಇಳಿದ ದಿನವನ್ನು ಕಡ್ಡಿ ಚಿತ್ರದಲ್ಲಿ ಬರೆದ. ಕಡ್ಡಿಗೆ ಹೊಟ್ಟೆ ಹೇಗೆ ಬರೆಯುವುದು ಅಂತ ತಿಳಿಯದೆ ನಡುವೆ ಒಂದು ಸೊನ್ನೆ ಹಾಕಿದ್ದ. ನಾನು ಬರೆದ ಯಾವುದಕ್ಕಿಂತಲೂ ಆ ಪುಟ ಚೆನ್ನಾಗಿದೆ.

ಇವೆಲ್ಲ ಅಶ್ಲೀಲ ಅಲ್ಲವಾ ಅನ್ನುವುದು ಇನ್ನೊಂದು ಪ್ರಶ್ನೆ. ನಾನು ಬರೆಯುವುದು ಹೆಚ್ಚಾಗಿ ಮನೆಯೊಳಗಿನ ಸಾಮಾನ್ಯ ಬದುಕು. ಆದರೆ ಬಿಚ್ಚುಮನಸ್ಸಿನಿಂದ ಕಾಮವನ್ನೇ ಬರೆಯುವವರ ಬಗ್ಗೆ ನನಗೆ ಗೌರವವಿದೆ, ಈ ಮೈ ಬಯಕೆಗೂ ಯೋಗ್ಯ ಅಂತ ಮೊದಲು ತೋರಿಸಿದವರು ಅವರು. ಜಪಾನಿನ ಗೆಂಗೊರೊ ತಗಾಮೆ ಬಹುಕಾಲ ಬರೆದದ್ದು ಅಂಥ ಕಾಮಚಿತ್ರಗಳನ್ನೇ. ಅವರೇ 2014ರಿಂದ 2017ರವರೆಗೆ ಎಲ್ಲರೂ ಓದುವ ಮಾಸಪತ್ರಿಕೆಯೊಂದರಲ್ಲಿ, ತೀರಿಹೋದ ತಮ್ಮನ ಗಂಡ ಮನೆಗೆ ಬರುವ ಕಥೆ ಬರೆದರು. ಗಡ್ಡದ, ದೊಡ್ಡ ಮೈಯ ಆ ಅತಿಥಿಗೆ ಮನೆಯ ಪುಟ್ಟ ಹುಡುಗಿ ಬಲುಬೇಗ ಹೊಂದಿಕೊಂಡುಬಿಡುತ್ತಾಳೆ.

ನಮ್ಮವರೇ ಕೇಳಿದ ಪ್ರಶ್ನೆ ಒಂದಿದೆ, ಅದು ಹೆಚ್ಚು ಚುಚ್ಚಿತು. ಗಡ್ಡ ಬಾರದ, ಎದೆಯಲ್ಲಿ ಕೂದಲಿಲ್ಲದ ದಪ್ಪ ಹುಡುಗನೊಬ್ಬ ಬರೆದಿದ್ದ: "ಅಣ್ಣಾ, ನಿಮ್ಮ ಚಿತ್ರದಲ್ಲಿ ನಾನೆಲ್ಲಿದ್ದೀನಿ?" ಹಿಂದಿನ ವರ್ಷದ 52 ವಾರದ ಚಿತ್ರಗಳನ್ನು ತೆಗೆದು ಎಣಿಸಿದೆ. ಗಡ್ಡವಿಲ್ಲದವರು ಎರಡೇ ಎರಡು ಕಡೆ, ಅದೂ ಹಿಂದಿನ ಸಾಲಿನಲ್ಲಿ. ಹೊರಗಿನವರ ಅಳತೆಗೋಲು ತಪ್ಪಿಸಿಕೊಂಡು ಬಂದವರು ಒಳಗೆ ಇನ್ನೊಂದು ಅಳತೆಗೋಲು ಮಾಡಿಟ್ಟುಕೊಂಡಿದ್ದೆವು. ಗಡ್ಡ ಹೀಗಿರಬೇಕು, ಹೊಟ್ಟೆ ಇದ್ದರೂ ತೋಳು ಗಟ್ಟಿಯಿರಬೇಕು ಅಂತ. ಅದನ್ನು ಗಟ್ಟಿ ಮಾಡುವುದರಲ್ಲಿ ನನ್ನ ಪೆನ್ನಿನ ಪಾಲೂ ಇತ್ತು. ಈಗ ಸ್ಟ್ರಿಪ್ಪಿನ ಮೂವರು ಮುಖ್ಯ ಪಾತ್ರಗಳಲ್ಲಿ ಒಬ್ಬನಿಗೆ ಗಡ್ಡವಿಲ್ಲ, ಇನ್ನೊಬ್ಬ ಟ್ರಾನ್ಸ್ ಗಂಡಸು (ಹುಟ್ಟಿದಾಗ ಹೆಣ್ಣು ಅನ್ನಿಸಿಕೊಂಡು, ಗಂಡಾಗಿ ಬದುಕುವವನು), ಅವನ ಎದೆಯ ಶಸ್ತ್ರಚಿಕಿತ್ಸೆಯ ಎರಡು ಗೆರೆಗಳನ್ನೂ ಕೂದಲಿನಷ್ಟೇ ಜೋಪಾನವಾಗಿ ಬರೆಯುತ್ತೇನೆ.

ಈ ವಾರ ಮೇಜಿನ ಮೇಲಿರುವುದು ಒಬ್ಬರು ಕೇಳಿದ ಚಿತ್ರ. ಅವರ ಸಂಗಾತಿಗೆ ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ ತೊಂದರೆ ಇದೆ, ರಾತ್ರಿಯಿಡೀ ಕೊಳವೆಯಲ್ಲಿ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಯಂತ್ರದ ಮಾಸ್ಕ್ ಹಾಕಿ ಮಲಗುತ್ತಾರೆ. "ಅವನಿಗೆ ಆ ಮಾಸ್ಕಿನಲ್ಲಿ ನನ್ನ ಮುಂದೆ ಮಲಗೋಕೆ ಈಗಲೂ ನಾಚಿಕೆ. ಹಾಗೇ ಬರೆದುಕೊಡಿ, ಚೆನ್ನಾಗಿ ಬರೆದುಕೊಡಿ" ಅಂತ ಕೇಳಿದ್ದಾರೆ. ನಾಲ್ಕು ಕರಡು ಆಯಿತು. ಕೊಳವೆಯನ್ನು ಮೇಲಕ್ಕೆತ್ತಿ ಬರೆದರೆ ಆನೆಯ ಸೊಂಡಿಲಾಗುತ್ತದೆ, ಹಿಂದಕ್ಕೆ ಬಿಟ್ಟರೆ ಆಸ್ಪತ್ರೆಯಾಗುತ್ತದೆ. ಐದನೆಯದರಲ್ಲಿ ಕೊಳವೆ ಮಾಸ್ಕಿನಿಂದ ಇಳಿದು, ದಿಂಬು ದಾಟಿ, ಪಕ್ಕದಲ್ಲಿ ಮಲಗಿದವರ ತೋಳಿನ ಮೇಲೆ ಹಾದು ಮಂಚದ ಆಚೆ ಹೋಗುತ್ತದೆ. ತೋಳು ಅಲುಗಾಡದ ಹಾಗೆ ಅವರು ಹಿಡಿದುಕೊಂಡಿದ್ದಾರೆ. ಕೂದಲು ಇನ್ನೂ ಹಾಕಿಲ್ಲ. ನಾಳೆ ಬೆಳಗಿನ ಬೆಳಕಿನಲ್ಲಿ ಹಾಕುತ್ತೇನೆ.