ಕುದುರೆಮುಖದಲ್ಲಿ ‘ದೊಡ್ಡ ಸೊಳ್ಳೆ’ ನೋಡಲು ಹೋಗುವವರಿಗೆ

ಮಳೆಗಾಲದಲ್ಲಿ ಬಚ್ಚಲುಮನೆ ಗೋಡೆಗೆ ಉದ್ದ ಕಾಲು ಚಾಚಿ ಕೂತಿರುತ್ತದಲ್ಲ, ದೊಡ್ಡ ಸೊಳ್ಳೆ ಅಂತ ನಾವು ಪೊರಕೆಯಲ್ಲಿ ಹೊಡೆಯುತ್ತೇವೆ, ಅದೇ ಕ್ರೇನ್ ಫ್ಲೈ. ಪಾಪ, ಅದು ಕಚ್ಚುವುದೇ ಇಲ್ಲ. ಜಗತ್ತಿನಲ್ಲಿ ಇವುಗಳ 15,000ಕ್ಕೂ ಹೆಚ್ಚು ಬಗೆಗಳಿವೆ. ಬೆಟ್ಟ ಹತ್ತುತ್ತಾ ಹೋದಂತೆ ಯಾವುದು ಎಲ್ಲಿ ಸಿಗುತ್ತದೆ ನೋಡೋಣ ಅಂತ ಸೆಪ್ಟೆಂಬರ್ ಕೊನೆಯಲ್ಲಿ ನಾವು ಮೂವರು ಕುದುರೆಮುಖಕ್ಕೆ ಹೊರಟೆವು.

ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮೊದಲೇ ಮಾಡಿಸಿಕೊಳ್ಳಿ. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು ಸಿಗುತ್ತದೆ, ಅಲ್ಲಿಂದ ಮುಂದೆ ನಡಿಗೆ. ಹೋಗಿ ಬರಲು 20 ಕಿಲೋಮೀಟರ್ ಆಸುಪಾಸು. ಇದು ರಾಷ್ಟ್ರೀಯ ಉದ್ಯಾನ, ಹುಳ ಹಿಡಿದು ಡಬ್ಬಿಗೆ ಹಾಕುವಂತಿಲ್ಲ. ಫೋಟೊ ಮಾತ್ರ.

ನನ್ನ ತಪ್ಪು ಹೇಳಿಬಿಡುತ್ತೇನೆ. ಎತ್ತರವೇ ಮುಖ್ಯ ಅಂದುಕೊಂಡಿದ್ದೆ. ಪ್ರತಿ 100 ಮೀಟರ್‌ಗೆ ಪುಸ್ತಕದಲ್ಲಿ ಒಂದೊಂದು ಗೆರೆ ಹಾಕಿಕೊಂಡು, ಕೆಳಗಿನ ಹಳ್ಳಗಳನ್ನು ಸುಮ್ನೆ ದಾಟಿ ಓಡಿದೆ. ದಾರಿಯಲ್ಲಿ ಸಿಗುವ ಒಂಟಿಮರ ಎಂಬ ಜಾಗ ದಾಟಿದ ಮೇಲೆ ಬೋಳು ಹುಲ್ಲುಗುಡ್ಡ, ಟೋಪಿ ಹಾರಿಸುವ ಗಾಳಿ. ಎರಡು ಗಂಟೆ ಹುಡುಕಿದರೂ ಒಂದೂ ಇಲ್ಲ! ಆಮೇಲೆ ಎರಡು ಗುಡ್ಡಗಳ ಸಂದಿನ ಶೋಲಾ ಕಾಡಿಗೆ ಕಾಲಿಟ್ಟರೆ, ಅಲ್ಲಿತ್ತು ಸಂತೆ. ಪಾಚಿ ಹಿಡಿದ ಬಂಡೆಯ ಅಡಿಯಲ್ಲಿ ಸಣ್ಣವು ಗುಂಪಾಗಿ ಮೇಲೆ ಕೆಳಗೆ ಕುಣಿಯುತ್ತಿದ್ದವು. ಒಂದಿಷ್ಟು ಜೇಡರ ಬಲೆಯ ಎಳೆಗೇ ಜೋತುಬಿದ್ದಿದ್ದವು. ಸಿಕ್ಕಿಹಾಕಿಕೊಂಡಿವೆ ಅಂದುಕೊಂಡೆ, ಕಡ್ಡಿ ತಾಗಿಸಿದರೆ ಆರಾಮಾಗಿ ಹಾರಿಹೋದವು.

ಅವು ಅಲ್ಲೇ ಇರಲು ಕಾರಣ ಮರಿಹುಳ. ಹೆಚ್ಚಿನ ಬಗೆಗಳಿಗೆ ಹಳ್ಳದಂಚಿನ ಕೆಸರು, ಪಾಚಿ, ಕೊಳೆತ ಮರ, ನೆಂದ ತರಗೆಲೆ, ಹೀಗೆ ಏನಾದರೂ ತೇವ ಬೇಕು. ರೆಕ್ಕೆ ಬಂದ ಮೇಲೆ ಬದುಕುವುದು ಕೆಲವೇ ದಿನ, ಹಾರಾಟವೂ ಅಷ್ಟಕ್ಕಷ್ಟೆ. ಹಾಗಾಗಿ ಹುಟ್ಟಿದ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಎತ್ತರ ಲೆಕ್ಕಕ್ಕೇ ಇಲ್ಲ ಅಂತಲ್ಲ, ಮೇಲೆ ಹೋದಷ್ಟೂ ಚಳಿ, ಚಳಿಗೆ ತಕ್ಕ ಬಗೆಗಳೂ ಇವೆ. ಹಿಮ ಬೀಳುವ ನಾಡುಗಳಲ್ಲಿ ಕಿಯೋನಿಯಾ ಎಂಬ ಬಗೆಗೆ ರೆಕ್ಕೆಯೇ ಇಲ್ಲ, ಹಿಮದ ಮೇಲೆ ನಡೆದೇ ಓಡಾಡುತ್ತದೆ. ಆದರೆ ನಮ್ಮ ಘಟ್ಟದಲ್ಲಿ ಮೊದಲು ನೀರು ನೋಡಿ, ಆಮೇಲೆ ಮೀಟರ್.

ಮುಟ್ಟಲು ಹೋಗಬೇಡಿ, ಕಾಲು ಕಳಚಿ ಕೈಗೇ ಬರುತ್ತದೆ. ರೆಕ್ಕೆಯ ನರಗಳು ಕಾಣುವಂತೆ ಮೇಲಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ತೆಗೆಯಿರಿ. ರೆಕ್ಕೆಯ ಹಿಂದೆ ಗುಂಡುಸೂಜಿಯಂಥ ಎರಡು ಗುಬುಟು (ಹಾರುವಾಗ ಸಮತೋಲನಕ್ಕೆ ಬಳಸುವ ಅಂಗ) ಕಂಡರೆ ಅವನ್ನೂ ಹಿಡಿಯಿರಿ. ಆದರೂ ಫೋಟೊ ನೋಡಿ ಹೆಸರು ಹೇಳುವುದು ಬಹಳ ಸಲ ಆಗದ ಮಾತು.

ಹಳ್ಳದ ಬಳಿ ಕೂತರೆ ಇಂಬಳ ಗ್ಯಾರಂಟಿ. ಉಪ್ಪಿನ ಪೊಟ್ಟಣ ಜೇಬಲ್ಲೇ ಇರಲಿ, ಬ್ಯಾಗಿನ ತಳದಲ್ಲಿ ಬೇಡ. ನಾವು ಆ ಬಂಡೆಯ ಮುಂದೆ ಎಷ್ಟು ಹೊತ್ತು ಕೂತೆವೆಂದರೆ, ಗೈಡ್ ಗಡಿಯಾರ ತೋರಿಸಿ ವಾಪಸ್ ಎಬ್ಬಿಸಿದರು. ತುದಿ ಮುಟ್ಟಲಿಲ್ಲ. ನಿಮಗೆ ತುದಿಯೂ ಬೇಕೆಂದರೆ ಎರಡು ದಿನದ ಅನುಮತಿ ಮಾಡಿಸಿ, ಹುಳಕ್ಕೊಂದು, ಬೆಟ್ಟಕ್ಕೊಂದು.