ಉಳ್ಳಾಲದ ಕಡಲ ಬದಿಯಲ್ಲಿ ಮನೆ: ಉಪ್ಪು ಒಳಗೆ ಬರುವ ದಾರಿಗಳು

ಉಳ್ಳಾಲ, ಸೋಮೇಶ್ವರ, ಉಚ್ಚಿಲದ ಕಡೆ ಮನೆ ಕಟ್ಟಿಸುವವರು ಮೊದಲು ಕೇಳುವುದು ಕಡಲ್ಕೊರೆತದ ಬಗ್ಗೆ. ಕೇಳಬೇಕಾದದ್ದೇ. ಆದರೆ ಅಲೆ ಎಂದೂ ಮುಟ್ಟದ, ತೀರದಿಂದ ಇನ್ನೂರು ಮುನ್ನೂರು ಮೀಟರ್ ಒಳಗಿರುವ ಮನೆಗಳಲ್ಲೂ ಹತ್ತು ಹನ್ನೆರಡು ವರ್ಷಕ್ಕೇ ಸನ್‌ಶೇಡ್ ಉದುರುತ್ತದೆ, ಕಂಬದ ಮೂಲೆ ಉದ್ದಕ್ಕೆ ಸೀಳುತ್ತದೆ. ಉಪ್ಪು ಒಳಗೆ ಸೇರಿ ರಾಡು ತುಕ್ಕು ಹಿಡಿದರೆ ಆ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಕೇಳುತ್ತದೆ. ಸುತ್ತಲಿನ ಕಾಂಕ್ರೀಟು ಒಡೆಯದೆ ಅದಕ್ಕೆ ಜಾಗ ಸಿಗುವುದಿಲ್ಲ. ಈ ಉಪ್ಪಿನಲ್ಲಿ ಗಾಳಿಯಿಂದ ಬರುವುದು ಒಂದು ಪಾಲು. ಇನ್ನೊಂದು ಪಾಲನ್ನು ಕಟ್ಟುವಾಗ ಹೊಯ್ಗೆಯ (ಮರಳಿನ) ಜೊತೆ, ನೀರಿನ ಜೊತೆ ನಾವೇ ತಂದು ಹಾಕಿರುತ್ತೇವೆ. ಈ ಕಡಲ ಪಟ್ಟಿಯ ಸೈಟುಗಳಲ್ಲಿ ಮನೆಯವರಿಗೂ ಮೇಸ್ತ್ರಿಗಳಿಗೂ ಮತ್ತೆ ಮತ್ತೆ ಹೇಳಬೇಕಾಗುವ ಮಾತುಗಳನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಜಾಗದ ಕಾಗದ. ಪಹಣಿ, ಭೂಪರಿವರ್ತನೆ ಆದೇಶ, ಏಕನಿವೇಶನ ವಿನ್ಯಾಸದ ಅನುಮೋದನೆ, ಇ-ಖಾತಾ, ಋಣಭಾರ ಪತ್ರ, ಇವನ್ನು ಎಲ್ಲರೂ ನೋಡುತ್ತಾರೆ. ತಪ್ಪಿಹೋಗುವುದು ಎರಡು. ಒಂದು, ಕಡಲ ಬದಿಯ ಸರ್ವೆ ನಂಬರಿನಲ್ಲಿ ಪಹಣಿಯ ಸೆಂಟ್ಸು ಬದಲಾಗಿರುವುದಿಲ್ಲ, ನೆಲ ಮಾತ್ರ ಕೊರೆದುಹೋಗಿರಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಸರ್ವೆಯವರಿಂದ ಗಡಿ ಅಳೆಸಿ, ಕಲ್ಲು ನೆಡಿಸಿಕೊಳ್ಳಬೇಕು. ಎರಡು, ಕರಾವಳಿ ನಿಯಂತ್ರಣ ವಲಯ, ಅಂದರೆ ಎಲ್ಲರ ಬಾಯಲ್ಲಿರುವ ಸಿಆರ್‌ಝಡ್. 1991ರ ಮೊದಲ ಅಧಿಸೂಚನೆ 2011ರಲ್ಲಿ ಬದಲಾಯಿತು, ಮತ್ತೆ 2019ರಲ್ಲಿ ಬದಲಾಯಿತು. ಕಡಲ ಭರತದ ಗೆರೆಯಿಂದ ಒಳಕ್ಕೆ 500 ಮೀಟರ್ ಈ ವಲಯ. ಉಳ್ಳಾಲದವರು ಮರೆಯುವುದು ನೇತ್ರಾವತಿಯ ಅಳಿವೆಯ ಕಡೆಯ ಗೆರೆಯನ್ನು. ಭರತ ಇಳಿತ ನುಗ್ಗುವ ಹೊಳೆಯ ದಡದಲ್ಲೂ ವಲಯವಿದೆ. 2019ರ ಲೆಕ್ಕದಲ್ಲಿ ಅದು 50 ಮೀಟರ್ ಅಥವಾ ಹೊಳೆಯ ಅಗಲ, ಎರಡರಲ್ಲಿ ಕಡಿಮೆ ಯಾವುದೋ ಅದು. ಕಡಲಿಗೆ ಬೆನ್ನು ಹಾಕಿದ ಜಾಗವೂ ಹೊಳೆಯ ಕಡೆಯಿಂದ ಸಿಕ್ಕಿಬೀಳಬಹುದು.

ವಲಯದೊಳಗಿದ್ದರೆ ಮನೆ ಕಟ್ಟಲಿಕ್ಕೇ ಆಗದು ಎಂಬುದೂ ತಪ್ಪು ತಿಳುವಳಿಕೆ. ಪಟ್ಟಣ ಬೆಳೆದುಬಿಟ್ಟಿರುವ ಎರಡನೇ ವರ್ಗದ ಜಾಗದಲ್ಲಿ, ಈಗಾಗಲೇ ಇರುವ ರಸ್ತೆಯ ಅಥವಾ ಅಧಿಕೃತ ಕಟ್ಟಡದ ನೆಲದ ಬದಿಗೆ ಕಟ್ಟಬಹುದು, ಕಡಲ ಬದಿಗೆ ಕಟ್ಟುವಂತಿಲ್ಲ. 300 ಚದರ ಮೀಟರ್‌ವರೆಗಿನ ಸ್ವಂತ ವಾಸದ ಮನೆಗೆ ಸ್ಥಳೀಯ ಸಂಸ್ಥೆಯೇ ವಲಯದ ನಿಯಮ ನೋಡಿ ಅನುಮತಿ ಕೊಡಬಹುದು ಎಂದು 2019ರ ಅಧಿಸೂಚನೆ ಹೇಳುತ್ತದೆ. ಯಾವ ವರ್ಗ ಎಂಬುದನ್ನು ಮಾರುವವರ ಮಾತಿನಿಂದ ತಿಳಿಯಬೇಡಿ. ವಲಯದ ಅನುಮೋದಿತ ನಕ್ಷೆಯ ಮೇಲೆ ನಿಮ್ಮ ಸರ್ವೆ ನಂಬರನ್ನು ಕೂರಿಸಿ ನೋಡಿ. ಮನೆಯ ನಕ್ಷೆ ಬರೆಯುವಾಗ ಬಿಡಬೇಕಾದ ಜಾಗವನ್ನು ಈಗಿನ ರಸ್ತೆಯ ಅಂಚಿನಿಂದ ಅಳೆಯಬೇಡಿ, ಅಗಲೀಕರಣವಾದ ಮೇಲಿನ ಅಂಚಿನಿಂದ ಅಳೆಯಿರಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ವಾಸಯೋಗ್ಯ ಪತ್ರವಿಲ್ಲದೆ ಕರೆಂಟು, ನೀರಿನ ಕಾಯಂ ಸಂಪರ್ಕ ಸಿಗುವುದು ಕಷ್ಟ. ನಕ್ಷೆ ಬಿಟ್ಟು ಎರಡು ಅಡಿ ಮುಂದೆ ತಂದ ಸಿಟೌಟು ಕೊನೆಗೆ ಇಡೀ ಮನೆಯನ್ನು ತಡೆದು ನಿಲ್ಲಿಸುತ್ತದೆ.

ಇನ್ನು ಕಾಲದ ಲೆಕ್ಕ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಊರು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಪತ್ತನಾಜೆ ಬರುವುದು ಮೇ 24ರ ಸುಮಾರಿಗೆ, ಅಷ್ಟರೊಳಗೆ ಸ್ಲ್ಯಾಬ್ ಮುಗಿಯಬೇಕು ಎಂದು ಹಿರಿಯ ಮೇಸ್ತ್ರಿಗಳು ಹೇಳುವುದು ಇದಕ್ಕೇ. ಆದರೆ ಒಂದೇ ಬೇಸಿಗೆಯಲ್ಲಿ ಅಡಿಪಾಯದಿಂದ ಸ್ಲ್ಯಾಬ್‌ವರೆಗೆ ಓಡಿಸುವುದನ್ನು ಹೊಯ್ಗೆ ನೆಲದಲ್ಲಿ ನಾನು ಒಪ್ಪುವುದಿಲ್ಲ. ಅಕ್ಟೋಬರಿನಲ್ಲಿ ಅಗೆದರೆ ನಾಲ್ಕೈದು ಅಡಿಗೇ ನೀರು ಒಸರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅಡಿಪಾಯ ಹಾಕಿ ಪಂಚಾಂಗ (ಗೋಡೆಯಡಿಯ ಕಟ್ಟೆ) ಕಟ್ಟಿ ಒಳಗೆ ಮಣ್ಣು ತುಂಬಿ ಬಿಟ್ಟರೆ ಒಂದು ಮಳೆಗಾಲ ಅದನ್ನು ಚೆನ್ನಾಗಿ ಕೂರಿಸುತ್ತದೆ. ಅಕ್ಟೋಬರಿನಿಂದ ಗೋಡೆ, ಫೆಬ್ರವರಿಯೊಳಗೆ ಸ್ಲ್ಯಾಬ್. ಒಂದು ವರ್ಷದ ಬಾಡಿಗೆ ಹೆಚ್ಚು ಬೀಳುತ್ತದೆ, ನಿಜ. ಆದರೆ ತುಂಬಿದ ಮಣ್ಣು ಕುಸಿದು ಟೈಲ್ಸ್ ಬಿರಿದ ಮನೆಯ ನೆಲವನ್ನು ಮತ್ತೆ ಕಿತ್ತು ಹಾಕುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹೀಗೆ ಮಾಡುವಾಗ ಒಂದು ಎಚ್ಚರ: ಪಂಚಾಂಗದ ಮೇಲೆ ಚಾಚಿ ನಿಂತ ಕಂಬದ ರಾಡುಗಳು ನಾಲ್ಕು ತಿಂಗಳು ಕಡಲ ಗಾಳಿ ಕುಡಿಯುತ್ತವೆ. ಸಿಮೆಂಟು ನೀರು ಬಳಿದರೆ ಸಾಲದು, ಮೊದಲ ಜೋರು ಮಳೆಗೆ ತೊಳೆದುಹೋಗುತ್ತದೆ. ರಾಡಿಗೆ ಗ್ರೀಸ್ ಹಚ್ಚುವುದು ಇನ್ನೂ ಕೆಟ್ಟದ್ದು, ಮುಂದೆ ಕಾಂಕ್ರೀಟು ಹಿಡಿಯುವುದಿಲ್ಲ. ಸುತ್ತ ಡಬ್ಬಿಯಿಟ್ಟು ಸಿಮೆಂಟು ಕಡಿಮೆಯ ಬಡಕಲು ಕಾಂಕ್ರೀಟು ತುಂಬಿ ರಾಡನ್ನು ಪೂರ್ತಿ ಮುಚ್ಚಿ, ಅಕ್ಟೋಬರಿನಲ್ಲಿ ಒಡೆದು ತೆಗೆಯಿರಿ. ಮುಂದೆ ಮಹಡಿ ಏರಿಸುತ್ತೇವೆ ಎಂದು ತಾರಸಿಯ ಮೇಲೆ ವರ್ಷಗಟ್ಟಲೆ ಬಿಡುವ ರಾಡುಗಳಿಗೂ ಇದೇ ಮಾತು. ಅಲ್ಲಿ ಹಿಡಿದ ತುಕ್ಕು ಕೆಳಗಿನ ಕಂಬದೊಳಕ್ಕೂ ಇಳಿಯುತ್ತದೆ.

ಅಡಿಪಾಯದ ಗುಂಡಿಯೊಳಗೇ ಪಂಪು ಇಟ್ಟು ನೀರೆತ್ತಬಾರದು. ನೀರಿನ ಜೊತೆ ಫೂಟಿಂಗಿನ ಅಡಿಯ ಹೊಯ್ಗೆಯೂ ಎದ್ದು ಬಂದು ತಳ ಸಡಿಲವಾಗುತ್ತದೆ. ಗುಂಡಿಯಿಂದ ಆಚೆ, ಅದಕ್ಕಿಂತ ಎರಡಡಿ ಆಳಕ್ಕೆ ಒಂದು ರಿಂಗು ಇಳಿಸಿ ಅಲ್ಲಿಂದ ಎತ್ತಿ. ಕುತ್ತಾರು, ದೇರಳಕಟ್ಟೆಯ ಗುಡ್ಡದ ಕಡೆಗೆ ಹೋದರೆ ಸಮಸ್ಯೆ ಬೇರೆ. ಮೇಲೆ ಗಟ್ಟಿ ಮುರಕಲ್ಲು (ಕೆಂಪು ಕಲ್ಲು), ಕೆಳಗೆ ಶೇಡಿ ಮಣ್ಣು. ಒಣಗಿದಾಗ ಗುದ್ದಲಿಗೂ ಬಗ್ಗದ ಶೇಡಿ ನೀರು ಕುಡಿದರೆ ಅಂಬಲಿಯಾಗುತ್ತದೆ. ಅಲ್ಲಿ ಗುಡ್ಡ ನೆಟ್ಟಗೆ ಕಡಿದು ಮಳೆಗಾಲಕ್ಕೆ ಹಾಗೇ ಬಿಡಬೇಡಿ.

ಈಗ ಹೊಯ್ಗೆ ಮತ್ತು ನೀರು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ ರಾಡು ಇರುವ ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ ಒಟ್ಟು ಕ್ಲೋರೈಡು, ಅಂದರೆ ಉಪ್ಪಿನಲ್ಲಿರುವ ತುಕ್ಕು ತರುವ ಅಂಶ, 600 ಗ್ರಾಂ ಮೀರಬಾರದು. ಬಾವಿಯ ನೀರಿನಲ್ಲಿ ಲೀಟರಿಗೆ 2,000 ಮಿಲಿಗ್ರಾಂ ಕ್ಲೋರೈಡು ಇದೆ ಎನ್ನೋಣ. ಘನ ಮೀಟರಿಗೆ 170 ಲೀಟರ್ ನೀರು ಹಾಕಿದರೆ 340 ಗ್ರಾಂ ಅಲ್ಲೇ ಆಯಿತು. ಅಳಿವೆಯ ಹೊಯ್ಗೆಯಲ್ಲಿ ನೂರಕ್ಕೆ 0.05ರಷ್ಟು ಇದ್ದರೂ 700 ಕೆಜಿಗೆ 350 ಗ್ರಾಂ. ಎರಡೂ ಸೇರಿ 690. ಮನೆ ಕಡಲ ಗಾಳಿ ನೋಡುವ ಮೊದಲೇ ಮಿತಿ ದಾಟಿತು. ಅದಕ್ಕೇ ರಾಡಿನ ಕೆಲಸದ ನೀರಿಗೆ ಅದೇ ಐಎಸ್ ಲೀಟರಿಗೆ 500 ಮಿಲಿಗ್ರಾಂ ಎಂಬ ಮಿತಿ ಇಟ್ಟಿದೆ.

ಬಾವಿ ನೀರನ್ನು ಸೆಪ್ಟೆಂಬರಿನಲ್ಲಿ ಪರೀಕ್ಷೆಗೆ ಕಳಿಸಿ ಒಳ್ಳೆಯ ವರದಿ ಇಟ್ಟುಕೊಂಡು ಪ್ರಯೋಜನವಿಲ್ಲ. ನಾವು ಕಾಂಕ್ರೀಟು ಹಾಕಿ ನೀರುಣಿಸುವ ಏಪ್ರಿಲ್, ಮೇ ತಿಂಗಳಲ್ಲೇ ಬಾವಿ ಸವುಳಾಗುವುದು, ಆಗಲೇ ಪರೀಕ್ಷೆ ಮಾಡಿಸಬೇಕು. ಮೀರಿದ್ದರೆ ಟ್ಯಾಂಕರು, ಕಲಸಲಿಕ್ಕೂ ಸರಿ, ನೀರುಣಿಸಲಿಕ್ಕೂ ಸರಿ. ಹಸಿ ಕಾಂಕ್ರೀಟಿಗೆ ದಿನವೂ ಉಪ್ಪು ನೀರು ಹೊಯ್ದರೆ ಕಲಸುವಾಗ ಪಟ್ಟ ಕಷ್ಟವೆಲ್ಲ ವ್ಯರ್ಥ.

ಹೊಯ್ಗೆ ನೋಡಲು ಸೈಟಿನಲ್ಲೇ ಆಗುವ ಪರೀಕ್ಷೆ ಇದೆ. ಗಾಜಿನ ಬಾಟಲಿಗೆ ಅರ್ಧ ಹೊಯ್ಗೆ, ಮೇಲೆ ಬ್ಯಾಟರಿಗೆ ಹಾಕುವ ಶುದ್ಧ ನೀರು. ಚೆನ್ನಾಗಿ ಕುಲುಕಿ, ತಿಳಿಯಾಗಲು ಬಿಟ್ಟು, ಆ ತಿಳಿಗೆ ಎರಡು ಹನಿ ಸಿಲ್ವರ್ ನೈಟ್ರೇಟು. ತೆಳು ಮಬ್ಬು ಕಂಡರೆ ಗಾಬರಿ ಬೇಡ. ಒಡೆದ ಹಾಲಿನಂತೆ ಬಿಳಿ ಗಟ್ಟಿಯಾದರೆ ಆ ಲೋಡು ವಾಪಸು. ಪಕ್ಕದಲ್ಲಿ ಬರೀ ಶುದ್ಧ ನೀರಿಗೂ ಎರಡು ಹನಿ ಹಾಕಿ ಹೋಲಿಸಿ ನೋಡಿ, ನೀರೇ ಕೆಟ್ಟಿದ್ದರೆ ಪರೀಕ್ಷೆ ಮೋಸ ಮಾಡುತ್ತದೆ. ಕಲ್ಲು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡಿನಲ್ಲಿ ಈ ಉಪ್ಪಿನ ಭಯವಿಲ್ಲ. ಅಲ್ಲಿ ನೋಡಬೇಕಾದದ್ದು ಪುಡಿ. ಪುಡಿ ಹೆಚ್ಚಿದ್ದರೆ ಹುಡುಗರು ಗೊತ್ತಿಲ್ಲದಂತೆ ನೀರು ಹೆಚ್ಚಿಸುತ್ತಾರೆ.

ಸಿಮೆಂಟಿನ ವಿಷಯದಲ್ಲಿ ಒಂದು ಗೊಂದಲವಿದೆ. ಕಡಲ ಬದಿಗೆ ಸಲ್ಫೇಟ್ ನಿರೋಧಕ ಸಿಮೆಂಟೇ ಬೇಕು ಎಂದು ಅಂಗಡಿಯಲ್ಲಿ ಹೇಳುವುದುಂಟು. ರಾಡಿನ ಕೆಲಸಕ್ಕೆ ಅದು ಸರಿಯಲ್ಲ. ಕ್ಲೋರೈಡನ್ನು ಹಿಡಿದಿಡುವ ಅಂಶವೇ ಅದರಲ್ಲಿ ಕಡಿಮೆ. ಸ್ಲ್ಯಾಗ್ ಸಿಮೆಂಟು ಅಥವಾ ಹಾರುಬೂದಿಯ ಪಿಪಿಸಿ ತೆಗೆದುಕೊಳ್ಳಿ. ಇವು ನಿಧಾನ ಗಟ್ಟಿಯಾಗುತ್ತವೆ. ನೀರುಣಿಸುವುದು ಕನಿಷ್ಠ 10 ದಿನ, ನನ್ನ ಸೈಟಿನಲ್ಲಿ 14. ಸ್ಲ್ಯಾಬಿನ ಸೆಂಟ್ರಿಂಗ್ ಏಳು ದಿನಕ್ಕೆ ಬಿಚ್ಚಬಹುದು ಎಂಬುದು ಮಾಮೂಲಿ ಒಪಿಸಿ ಸಿಮೆಂಟಿನ ಲೆಕ್ಕ, ಅದನ್ನು ಇಲ್ಲಿಗೆ ತರಬೇಡಿ.

ಕಡಲ ವಾತಾವರಣಕ್ಕೆ ತೆರೆದ ಕಾಂಕ್ರೀಟಿಗೆ ಐಎಸ್ 456 ಹೇಳುವುದು ಎಂ30 ಎಂಬ ಗಟ್ಟಿತನದ ದರ್ಜೆ, ಸಿಮೆಂಟು ಘನ ಮೀಟರಿಗೆ ಕನಿಷ್ಠ 320 ಕೆಜಿ, ನೀರು ಸಿಮೆಂಟಿನ 0.45 ಪಾಲು ಮೀರಬಾರದು, ರಾಡಿನ ಹೊರಗೆ 45 ಮಿಮೀ ಕವರು, ಅಂದರೆ ರಾಡನ್ನು ಮುಚ್ಚುವ ಕಾಂಕ್ರೀಟಿನ ದಪ್ಪ. ಎಂ30ಯನ್ನು ಬಾಣಲೆ ಲೆಕ್ಕದಲ್ಲಿ ಕಲಸಲಾಗದು, ಮಿಕ್ಸ್ ಡಿಸೈನ್ (ಪ್ರಯೋಗಾಲಯದಲ್ಲಿ ಲೆಕ್ಕ ಹಾಕಿದ ಮಿಶ್ರಣ) ಬೇಕು. 50 ಕೆಜಿ ಮೂಟೆಗೆ ನೀರು ಒಟ್ಟು 22.5 ಲೀಟರ್. ಒಂದು ಮೂಟೆಗೆ ಬೀಳುವ 85 ಕೆಜಿ ಹೊಯ್ಗೆಯಲ್ಲಿ ನೂರಕ್ಕೆ 5ರಷ್ಟು ತೇವವಿದ್ದರೆ ನಾಲ್ಕು ಲೀಟರಿಗೂ ಮಿಕ್ಕಿ ನೀರು ಅದರಲ್ಲೇ ಇದೆ, ಮೇಲೆ ಹಾಕಬೇಕಾದದ್ದು 18 ಲೀಟರ್ ಮಾತ್ರ. ಅಷ್ಟರಲ್ಲಿ ಕಾಂಕ್ರೀಟು ಹರಿಯದು ಎಂದು ಕೆಲಸದವರು ಗೊಣಗುತ್ತಾರೆ. ಅದಕ್ಕೆ ಮದ್ದು ಪ್ಲಾಸ್ಟಿಸೈಜರು, ಇನ್ನೊಂದು ಬಕೆಟ್ ನೀರಲ್ಲ.

ಕವರಿನ ವಿಷಯಕ್ಕೆ ಬರುತ್ತೇನೆ, ಹೆಚ್ಚು ಮನೆ ಕೆಡುವುದು ಇಲ್ಲೇ. ಒಳನಾಡಿನಲ್ಲಿ ಮಾಡಿದ ಡ್ರಾಯಿಂಗಿನಲ್ಲಿ ಸ್ಲ್ಯಾಬ್ 125 ಮಿಮೀ, ಕವರು 20 ಎಂದಿರುತ್ತದೆ. 10 ಎಂಎಂ ರಾಡಿನ ಅರ್ಧ 5 ಕಳೆದರೆ ಕೆಲಸ ಮಾಡುವ ಆಳ, ಅಂದರೆ ಸ್ಲ್ಯಾಬಿನ ಮೇಲ್ಮೈಯಿಂದ ರಾಡಿನ ನಡುವಿನವರೆಗೆ, 100. ಇದನ್ನು ನೋಡಿ ಯಾರೋ ಸೈಟಿನಲ್ಲಿ 45ರ ಕವರ್ ಬ್ಲಾಕ್ ತಂದು ಇಡುತ್ತಾರೆ, ದಪ್ಪ ಹಾಗೇ ಬಿಡುತ್ತಾರೆ. ಆಳ 75ಕ್ಕೆ ಇಳಿಯಿತು, ಸ್ಲ್ಯಾಬಿನ ಶಕ್ತಿ ಸುಮಾರು ಕಾಲುಭಾಗ ಹೋಯಿತು. ತುಕ್ಕು ತಪ್ಪಿಸಲು ಹೋಗಿ ಸ್ಲ್ಯಾಬ್ ಬಾಗಿತು. ಕವರು 45 ಆದರೆ ದಪ್ಪ 150 ಆಗಲೇಬೇಕು, ಆಗ ಆಳ ಮತ್ತೆ 100. ಸಾವಿರ ಚದರಡಿಗೆ ಹೆಚ್ಚುವರಿ ಕಾಂಕ್ರೀಟು 2.3 ಘನ ಮೀಟರ್. ಹೆಚ್ಚಿದ ಭಾರವನ್ನು ಬೀಮಿಗೂ ಫೂಟಿಂಗಿಗೂ ಲೆಕ್ಕ ಹಾಕಿಸಬೇಕು. ಆದ್ದರಿಂದ ಈ ಮಾತು ಡ್ರಾಯಿಂಗ್ ಹಂತದಲ್ಲೇ ತೀರ್ಮಾನವಾಗಬೇಕು, ಸೆಂಟ್ರಿಂಗ್ ಮೇಲೆ ನಿಂತಲ್ಲ.

ಕವರ್ ಬ್ಲಾಕ್ ಕಾಂಕ್ರೀಟಿನದ್ದೇ ಆಗಬೇಕು, ಸ್ಲ್ಯಾಬಿನಷ್ಟೇ ಗಟ್ಟಿ ಇರಬೇಕು. ಕೆಂಪು ಕಲ್ಲಿನ ಚೂರು ಇಟ್ಟರೆ ಅದು ನೀರು ಹೀರಿ ರಾಡಿಗೆ ನೇರ ದಾರಿ ಮಾಡಿಕೊಡುತ್ತದೆ. ಮುಕ್ಕಾಲು ಮೀಟರಿಗೆ ಒಂದರಂತೆ ಸಾವಿರ ಚದರಡಿಗೆ ಸುಮಾರು 165 ಬ್ಲಾಕ್. ಕಾಂಕ್ರೀಟಿನ ಹಿಂದಿನ ಸಂಜೆ ಬಗ್ಗಿ ಕೂತು ಅಡಿಯಿಂದ ನೋಡಿ: ಬೈಂಡಿಂಗ್ ವಯರಿನ ಬಾಲ ಕೆಳಗೆ ಇಳಿದು ಹಲಗೆಗೆ ತಾಗಿದ್ದರೆ ಇಕ್ಕಳದಿಂದ ಮೇಲಕ್ಕೆ ಮಡಚಿಸಬೇಕು. ಎರಡನೇ ಮಳೆಗಾಲದಲ್ಲಿ ಸೀಲಿಂಗಿನಲ್ಲಿ ಕಾಣುವ ಸಾಸಿವೆ ಗಾತ್ರದ ಕಂದು ಚುಕ್ಕೆಗಳು ಆ ಬಾಲಗಳೇ.

ಸನ್‌ಶೇಡ್ ಇನ್ನೂ ಕಷ್ಟ. ಅದರ ಮುಖ್ಯ ರಾಡು ಮೇಲ್ಭಾಗದಲ್ಲಿರಬೇಕು, ಆದರೆ ಕಾಂಕ್ರೀಟು ಹಾಕುವವರು ಅದನ್ನೇ ಮೆಟ್ಟಿ ನಿಲ್ಲುತ್ತಾರೆ, ರಾಡು ತಳಕ್ಕೆ ಕೂರುತ್ತದೆ. 75 ಮಿಮೀ ದಪ್ಪದ ಸನ್‌ಶೇಡಿನಲ್ಲಿ ಬೇಕಾದ ಕವರು ಸಿಗುವುದೇ ಇಲ್ಲ. ಗೋಡೆಯ ಬುಡದಲ್ಲಿ 125 ಮಾಡಿ, ರಾಡಿನಡಿ ಅದನ್ನು ಎತ್ತಿ ಹಿಡಿಯುವ ಚೇರು ಕೊಡಿ, ಅಡಿಯ ಅಂಚಿನಲ್ಲಿ ನೀರು ಕಡಿಯುವ ಗೆರೆ ಬಿಡಿ. ಇಲ್ಲವಾದರೆ ಕಾಂಕ್ರೀಟಿನ ಸನ್‌ಶೇಡನ್ನೇ ಬಿಟ್ಟು ಹಂಚಿನ ಮಾಡನ್ನು ಮೂರಡಿ ಮುಂದೆ ಚಾಚಿ. ಪಡುವಣ ಗೋಡೆಗೆ ಅದರಷ್ಟು ಒಳ್ಳೆಯ ರಕ್ಷಣೆ ಬೇರಿಲ್ಲ.

ಗೋಡೆಗೆ ಕೆಂಪು ಕಲ್ಲೇ ಸಾಕು. ಬೆರಳಿನ ಗಂಟಿನಿಂದ ಬಡಿದಾಗ ಮಂದ ಸದ್ದು ಬಂದರೆ, ಕಡಿದ ಮುಖದಲ್ಲಿ ಬಿಳಿ ಮಣ್ಣಿನ ಗೆರೆ ಕಂಡರೆ ಆ ಕಲ್ಲನ್ನು ಪಕ್ಕಕ್ಕಿಡಿ. ಪಂಚಾಂಗದ ಮೇಲೆ ಕಾಂಕ್ರೀಟು ಪಟ್ಟಿ ಹಾಕದೆ ಬಿಟ್ಟರೆ ನೆಲದ ಉಪ್ಪು ನೀರು ಗೋಡೆ ಹತ್ತಿ ಮೂರಡಿ ಎತ್ತರಕ್ಕೆ ಬಣ್ಣ ಉದುರಿಸುತ್ತದೆ. ಸಾರಣೆ ಮಾಡದ ಕಲ್ಲಿನ ಅಂದ ಬೇಕೆಂದರೆ ಮೂಡು, ಬಡಗು ಗೋಡೆಗೆ ಇಟ್ಟುಕೊಳ್ಳಿ. ಪಡುವಣ, ತೆಂಕಣ ಗೋಡೆಗಳಿಗೆ ಸಾರಣೆ ಬೇಕೇ ಬೇಕು.

ಕಿಟಕಿಗೆ ಯುಪಿವಿಸಿ, ಹೊರಗಿನ ಕೈಹಿಡಿಕೆ ಮತ್ತು ಸ್ಕ್ರೂಗಳಿಗೆ 316 ದರ್ಜೆಯ ಸ್ಟೀಲು. 304ಕ್ಕೆ ಒಂದೆರಡು ವರ್ಷದಲ್ಲಿ ಚಹಾ ಚೆಲ್ಲಿದಂಥ ಕಲೆ ಬರುತ್ತದೆ.

ಬಾವಿಗೂ ಸೆಪ್ಟಿಕ್ ಗುಂಡಿಗೂ ನಡುವೆ ಕನಿಷ್ಠ 15 ಮೀಟರ್ ಬಿಡಿ. ಹೊಯ್ಗೆ ನೆಲದಲ್ಲಿ ಕೊಳಕು ಬೇಗ ಹರಿಯುತ್ತದೆ. ಪಕ್ಕದ ಮನೆಯವರ ಬಾವಿಯಿಂದಲೂ ಅಷ್ಟೇ ದೂರ ಅಳೆಯಿರಿ. ಬಾವಿ ಸವುಳಾಯಿತೆಂದು ಬೋರು ಕೊರೆಸಬೇಡಿ. ಇಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಕಡಲ ಮಟ್ಟಕ್ಕಿಂತ ಒಂದಡಿ ಎತ್ತರ ಸಿಹಿನೀರು ನಿಂತರೆ ಅದರಡಿ ಸುಮಾರು 40 ಅಡಿ ಸಿಹಿ ಇರುತ್ತದೆ. ಜೋರಾಗಿ ಎತ್ತಿ ಅರ್ಧ ಅಡಿ ಇಳಿಸಿದರೆ ಅಡಿಯಿಂದ 20 ಅಡಿ ಉಪ್ಪು ಮೇಲೇರುತ್ತದೆ. ಅರ್ಧ ಎಚ್‌ಪಿ ಪಂಪಿನಲ್ಲಿ ಸ್ವಲ್ಪ ಸ್ವಲ್ಪವೇ ಎತ್ತಿ, ಮಾಡಿನ ಮಳೆನೀರನ್ನು ಸೋಸಿ ಅದೇ ಬಾವಿಗೆ ಬಿಡಿ.

ಕೊನೆಯದಾಗಿ, ಪ್ರತಿ ಕಾಂಕ್ರೀಟಿಗೂ ಮೊದಲು ರಾಡಿನ ಪಕ್ಕ ಟೇಪು ಹಿಡಿದು ಕವರು ಕಾಣುವಂತೆ ಫೋಟೋ ತೆಗೆದಿಡಿ, ಕ್ಯೂಬ್ ಪರೀಕ್ಷೆಯ ಮತ್ತು ಮೇ ತಿಂಗಳ ನೀರಿನ ವರದಿಗಳ ಜೊತೆ ಒಂದೇ ಕಡತದಲ್ಲಿರಲಿ. ಹದಿನೈದು ವರ್ಷದ ಮೇಲೆ ಮಹಡಿ ಏರಿಸಲು ಬರುವ ಎಂಜಿನಿಯರು ಗೋಡೆ ಒಡೆಯದೆ ನೋಡಬಹುದಾದದ್ದು ಅದೊಂದೇ.